ಜಾರುವ ರಸ್ತೆ, ಭಾರದ ಬೈಕು



ಭೌತಶಾಸ್ತ್ರದ ಪುಸ್ತಕದಲ್ಲಿ ಘರ್ಷಣೆಯ ಪಾಠವನ್ನು ನೀವೆಲ್ಲರೂ ಓದಿರುತ್ತೀರಿ. ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ಬರೆದು ಮರೆತಿರಲೂಬಹುದು. ಮುಂದೊಂದು ದಿನ ಮಳೆಗಾಲದ ಘಟ್ಟದ ತಿರುವಿನಲ್ಲೋ, ಜಲ್ಲಿ ಚೆಲ್ಲಿದ ಹಳ್ಳಿಯ ದಾರಿಯಲ್ಲೋ ಅದೇ ಪಾಠ ನಿಮ್ಮನ್ನು ಮತ್ತೆ ಪ್ರಶ್ನೆ ಕೇಳುತ್ತದೆ. ಅಲ್ಲಿ ಉತ್ತರ ಕೊಡಲು ಒಂದು ಸೆಕೆಂಡಿಗಿಂತ ಹೆಚ್ಚು ಸಮಯ ಸಿಗುವುದಿಲ್ಲ. ನಿಮ್ಮ ಬೆನ್ನ ಹಿಂದೆ ತಮ್ಮನೋ, ತಂಗಿಯೋ, ಗೆಳೆಯನೋ ಕುಳಿತಿದ್ದರೆ ಆ ಉತ್ತರ ಅವರ ಜೀವಕ್ಕೂ ಸೇರಿದ್ದು. ಆದ್ದರಿಂದ ಆ ಪಾಠವನ್ನು ಇಂದು ಬೈಕಿನ ಸೀಟಿನ ಮೇಲೆ ಕುಳಿತು ಓದೋಣ.

ಬುಲೆಟ್‌ನಂತಹ ಮೋಟಾರ್ ಸೈಕಲ್ಲಿನ ತೂಕ ಸುಮಾರು 190 ಕಿಲೋ. ಸವಾರನೂ ಹಿಂಬದಿಯವರೂ ಸೇರಿದರೆ 300 ಕಿಲೋ ದಾಟುತ್ತದೆ. ಇಷ್ಟೂ ಭಾರ ರಸ್ತೆಯನ್ನು ಮುಟ್ಟುವುದು ಎರಡೇ ಕಡೆ. ಪ್ರತಿ ಟೈರಿನ ಕೆಳಗೆ ಅಂಗೈಗಿಂತ ದೊಡ್ಡದಲ್ಲದ ಜಾಗದಲ್ಲಿ. ಬ್ರೇಕು ಹಾಕುವುದು, ತಿರುಗುವುದು, ವೇಗ ಹೆಚ್ಚಿಸುವುದು, ಈ ಮೂರು ಕೆಲಸವೂ ಆ ಎರಡು ಅಂಗೈ ಜಾಗದ ಹಿಡಿತದಿಂದಲೇ ನಡೆಯಬೇಕು.

ಈ ಹಿಡಿತವನ್ನು ಜೇಬಿನಲ್ಲಿರುವ ಒಂದು ರೂಪಾಯಿ ಎಂದುಕೊಳ್ಳಿ. ನೇರ ರಸ್ತೆಯಲ್ಲಿ ಪೂರ್ತಿ ರೂಪಾಯಿಯನ್ನು ಬ್ರೇಕಿಗೆ ಖರ್ಚು ಮಾಡಬಹುದು. ಆದರೆ ತಿರುವಿನಲ್ಲಿ ಹಾಗೆ ಮಾಡಿದರೆ ತಿರುಗಲು ಒಂದು ಪೈಸೆಯೂ ಉಳಿಯದು. ಬೈಕು ನೇರವಾಗಿ ಜಾರಿಹೋಗುತ್ತದೆ. ಬ್ರೇಕಿಗೆ 80 ಪೈಸೆ ಬಳಸಿದರೆ ತಿರುವಿಗೆ ಎಷ್ಟು ಉಳಿಯುತ್ತದೆ? 20 ಪೈಸೆ ಎಂದು ನೀವು ಹೇಳಬಹುದು. ನಿಜವಾಗಿ ಉಳಿಯುವುದು 60 ಪೈಸೆ. ಬ್ರೇಕಿನ ಬಲವೂ ತಿರುವಿನ ಬಲವೂ ಒಂದಕ್ಕೊಂದು ಲಂಬವಾಗಿರುವುದರಿಂದ ಇಲ್ಲಿ ಪೈಥಾಗರಸ್ ಪ್ರಮೇಯ ಅನ್ವಯಿಸುತ್ತದೆ. 80ರ ವರ್ಗಕ್ಕೆ 60ರ ವರ್ಗ ಕೂಡಿಸಿದರೆ 100ರ ವರ್ಗ. ಬ್ರೇಕನ್ನು ಸ್ವಲ್ಪವೇ ಸಡಿಲಿಸಿದರೂ ತಿರುಗುವ ಶಕ್ತಿ ಬೇಗ ಮರಳುತ್ತದೆ ಎಂಬುದು ಇದರಿಂದ ಸಿಗುವ ಒಳ್ಳೆಯ ಸುದ್ದಿ.

ಕೆಟ್ಟ ಸುದ್ದಿಯೂ ಇದೆ. ಒಣಗಿದ ಟಾರು ರಸ್ತೆಯಲ್ಲಿ ಘರ್ಷಣಾಂಕ ಸುಮಾರು 0.7 ಇದ್ದರೆ ಸಡಿಲ ಜಲ್ಲಿಯ ಮೇಲೆ 0.3ರ ಆಸುಪಾಸಿಗೆ ಇಳಿಯಬಹುದು. ಒಂದು ರೂಪಾಯಿ ಇದ್ದ ಜೇಬಿನಲ್ಲಿ ಈಗ ಇರುವುದು ನಲವತ್ತು ಪೈಸೆ ಚಿಲ್ಲರೆ ಮಾತ್ರ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದರೆ ನಿಲ್ಲಲು ಬೇಕಾಗುವ ದೂರ ಸಿಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಒಣ ಟಾರಿನ ಮೇಲೆ ಬ್ರೇಕು ಹಿಡಿದ ನಂತರ ಸುಮಾರು 9 ಮೀಟರ್ ಸಾಕು. ಜಲ್ಲಿಯ ಮೇಲೆ 21 ಮೀಟರ್ ಬೇಕು. ಅಪಾಯವನ್ನು ಕಂಡು ಬ್ರೇಕು ಹಿಡಿಯಲು ಒಂದು ಸೆಕೆಂಡ್ ಹೋದರೆ ಆ ಅವಧಿಯಲ್ಲಿ ಬೈಕು ಇನ್ನೂ 11 ಮೀಟರ್ ಓಡಿರುತ್ತದೆ. ವೇಗ ಎರಡರಷ್ಟಾದರೆ ಬ್ರೇಕಿನ ದೂರ ನಾಲ್ಕರಷ್ಟಾಗುತ್ತದೆ ಎಂಬುದನ್ನೂ ಗಮನಿಸಿ.

ಈ ಸೂತ್ರದಲ್ಲಿ ಬೈಕಿನ ತೂಕವೇ ಇಲ್ಲವಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಭಾರ ಹೆಚ್ಚಿದರೆ ನಿಲ್ಲಿಸಲು ಬೇಕಾದ ಬಲವೂ ಹೆಚ್ಚು, ಟೈರಿಗೆ ಸಿಗುವ ಘರ್ಷಣೆಯೂ ಅಷ್ಟೇ ಹೆಚ್ಚು. ಎರಡೂ ವಜಾ ಆಗುತ್ತವೆ. ಹಾಗಾದರೆ ಭಾರದ ಬೈಕಿನ ತೊಂದರೆ ಏನು? ಅದು ವಾಲಲು ಆರಂಭಿಸಿದ ಮೇಲೆ ನಿಮ್ಮ ಕಾಲು ಅದನ್ನು ತಡೆಯಲಾರದು. ಹಗುರ ಬೈಕಿನಲ್ಲಿ ಮಾಡಿದ ತಪ್ಪನ್ನು ಕಾಲೂರಿ ತಿದ್ದಿಕೊಳ್ಳಬಹುದು. 190 ಕಿಲೋದ ಬೈಕು ಆ ಅವಕಾಶ ಕೊಡುವುದಿಲ್ಲ. ಜೊತೆಗೆ ಕೆಸರು, ಮರಳುಗಳಲ್ಲಿ ಅದರ ಚಕ್ರ ಹೆಚ್ಚು ಆಳಕ್ಕೆ ಹೂತುಕೊಳ್ಳುತ್ತದೆ.

ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಒಂದು ಹಲಗೆಯ ಮೇಲೆ ರಬ್ಬರಿನ ತುಂಡನ್ನಿಟ್ಟು ಒಂದು ತುದಿಯನ್ನು ನಿಧಾನವಾಗಿ ಎತ್ತಿ. ರಬ್ಬರು ಜಾರುವ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಅನಂತರ ಹಲಗೆಯ ಮೇಲೆ ಸಣ್ಣ ಮರಳು ಉದುರಿಸಿ ಮತ್ತೆ ಅಳೆಯಿರಿ. ಆ ಕೋನದ ಟ್ಯಾನ್ ಬೆಲೆಯೇ ಘರ್ಷಣಾಂಕ. ತಿರುವಿನಲ್ಲಿ ಬೈಕು ವಾಲಬಹುದಾದ ಗರಿಷ್ಠ ಕೋನವೂ ಹೆಚ್ಚುಕಡಿಮೆ ಇದೇ ಲೆಕ್ಕದ್ದು. 0.7 ಎಂದರೆ ಸುಮಾರು 35 ಡಿಗ್ರಿ, 0.3 ಎಂದರೆ 17 ಡಿಗ್ರಿಗಿಂತಲೂ ಕಡಿಮೆ. 20 ಮೀಟರ್ ತ್ರಿಜ್ಯದ ತಿರುವನ್ನು ಒಣ ಟಾರಿನಲ್ಲಿ ಗಂಟೆಗೆ ಸುಮಾರು 42 ಕಿಲೋಮೀಟರ್ ವೇಗದವರೆಗೆ ದಾಟಬಹುದಾದರೆ ಜಲ್ಲಿಯಲ್ಲಿ ಆ ಮಿತಿ ಸುಮಾರು 28ಕ್ಕೆ ಇಳಿಯುತ್ತದೆ. ಇದು ಜಾರುವ ಅಂಚಿನ ವೇಗವೆಂಬುದು ನೆನಪಿರಲಿ. ಬುದ್ಧಿವಂತ ಸವಾರ ಅಂಚಿನಿಂದ ಬಹಳ ಹಿಂದೆಯೇ ಇರುತ್ತಾನೆ.

ನಮ್ಮ ನಾಡಿನಲ್ಲಿ ಈ ಜಾರುವ ನೆಲ ಎಲ್ಲೆಲ್ಲಿ ಎದುರಾಗುತ್ತದೆ? ಆಗುಂಬೆ, ಚಾರ್ಮಾಡಿ ಘಟ್ಟಗಳ ನೆರಳಿನಲ್ಲಿ ಪಾಚಿ ಕಟ್ಟಿದ ಅಂಚು, ಕೊಡಗಿನ ತೋಟದ ದಾರಿಯ ಕೆಂಪು ಕೆಸರು, ಕರಾವಳಿಯ ಮರಳು, ಉತ್ತರದ ಎರೆಮಣ್ಣು. ಬಯಲುಸೀಮೆಯಲ್ಲಿ ಒಕ್ಕಣೆಗೆಂದು ರಸ್ತೆಗೆ ಹಾಸಿದ ರಾಗಿ, ಹುರುಳಿ. ಹುರುಳಿ ಕಾಳು ಚೆಲ್ಲಿದ ಅಂಗಳದಲ್ಲಿ ಓಡಿದ ಮಗು ಹೇಗೆ ಬೀಳುತ್ತದೋ ಅದರ ಮೇಲೆ ಚಕ್ರವೂ ಹಾಗೆಯೇ ಜಾರುತ್ತದೆ. ಪೇಟೆಯಲ್ಲಿ ಒದ್ದೆಯಾದ ಬಿಳಿ ಪಟ್ಟೆ ಮತ್ತು ಚರಂಡಿಯ ಕಬ್ಬಿಣದ ಮುಚ್ಚಳ. ಬೇಸಿಗೆ ಕಳೆದು ಬರುವ ಮೊದಲ ಮಳೆಯಲ್ಲಿ ರಸ್ತೆಯ ಧೂಳು, ಎಣ್ಣೆ ನೀರಿಗೆ ಬೆರೆತು ತೆಳುವಾದ ಜಿಡ್ಡಾಗುತ್ತದೆ. ಆ ಮೊದಲ ಹನಿಗಳ ಹೊತ್ತು ಬಹಳ ಅಪಾಯದ್ದು.

ಇನ್ನು ಕ್ರಮವನ್ನು ನೋಡೋಣ. ಸಡಿಲ ನೆಲ ಮುಂದೆ ಕಂಡೊಡನೆ, ಗಟ್ಟಿ ನೆಲದ ಮೇಲಿರುವಾಗಲೇ ಬ್ರೇಕಿನ ಕೆಲಸ ಮುಗಿಸಿ ಕೆಳಗಿನ ಗೇರಿಗೆ ಬನ್ನಿ. ಸಡಿಲ ನೆಲಕ್ಕೆ ಇಳಿದ ಮೇಲೆ ಆಕ್ಸಿಲರೇಟರನ್ನು ಒಂದೇ ಸಮನಾಗಿ ಹಿಡಿಯಿರಿ. ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಬೇಡಿ. ಮುಂದಿನ ಚಕ್ರ ಕಲ್ಲುಗಳ ಮೇಲೆ ಅತ್ತಿತ್ತ ಆಡುವುದು ಸಹಜ, ಅದನ್ನು ಆಡಲು ಬಿಡಿ. ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ಹಿಡಿಯಿರಿ. ರಸ್ತೆ ತೀರ ಕೆಟ್ಟಿದ್ದರೆ ಕಾಲಿಡುವ ಫುಟ್‌ರೆಸ್ಟಿನ ಮೇಲೆ ತುಸು ಎದ್ದು ನಿಲ್ಲಿ. ಆಗ ಬೈಕು ನಿಮ್ಮ ಕೆಳಗೆ ಕುಲುಕಿದರೂ ನಿಮ್ಮ ದೇಹ ಕುಲುಕದು. ಕಣ್ಣು ಮಾತ್ರ ಹೋಗಬೇಕಾದ ದಾರಿಯ ಮೇಲಿರಲಿ. ಗುಂಡಿಯನ್ನೇ ದಿಟ್ಟಿಸಿದವನ ಬೈಕು ಗುಂಡಿಗೇ ಹೋಗುತ್ತದೆ.

ಬ್ರೇಕು ಹಾಕಲೇಬೇಕಾದರೆ ಬೈಕನ್ನು ಮೊದಲು ನೆಟ್ಟಗೆ ಮಾಡಿ, ಎರಡೂ ಬ್ರೇಕುಗಳನ್ನು ಮೆಲ್ಲಗೆ ಬಳಸಿ. ಅಂಗೈಯ ಮೇಲೆ ಕೋಲು ನಿಲ್ಲಿಸುವ ಆಟ ನಿಮಗೆ ಗೊತ್ತು. ಕೋಲು ಬೀಳುವ ಕಡೆಗೆ ಅಂಗೈ ಸರಿಯುತ್ತಿರಬೇಕು. ಬೈಕಿನಲ್ಲಿ ಆ ಕೆಲಸ ಮಾಡುವುದು ಮುಂದಿನ ಚಕ್ರ. ಅದು ಉರುಳುವುದನ್ನು ನಿಲ್ಲಿಸಿ ಜಾರತೊಡಗಿದರೆ ಕೋಲು ಹಿಡಿಯುವ ಅಂಗೈಯೇ ಇಲ್ಲವಾದಂತೆ. ಆ ಕ್ಷಣವೇ ಮುಂದಿನ ಬ್ರೇಕನ್ನು ಬಿಡಿ. ಹಿಂದಿನ ಚಕ್ರ ಜಾರಿದರೆ ಬಾಲ ಅಲ್ಲಾಡುತ್ತದೆ, ಆದರೆ ಸಾವರಿಸಿಕೊಳ್ಳಲು ಸಮಯ ಸಿಗುತ್ತದೆ. ಗಾಬರಿಯಿಂದ ಆಕ್ಸಿಲರೇಟರನ್ನು ತಟ್ಟನೆ ಮುಚ್ಚಬೇಡಿ. ನಯವಾಗಿ ಇಳಿಸಿ, ಮುಂದೆ ನೋಡಿ. ಇಳಿಜಾರಿನಲ್ಲಿ ಕೆಳಗಿನ ಗೇರಿನ ಎಂಜಿನ್ ಹಿಡಿತವೇ ಒಳ್ಳೆಯ ಬ್ರೇಕು. ಆದರೆ ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ದೊಡ್ಡ ಎಂಜಿನ್ನು ಹಿಂದಿನ ಚಕ್ರವನ್ನೇ ತಡೆದು ಜಾರಿಸಬಹುದು.

125 ಸಿಸಿಗಿಂತ ದೊಡ್ಡ ಎಂಜಿನ್ನಿನ ಹೊಸ ಬೈಕುಗಳಿಗೆ ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ. ಬ್ರೇಕು ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ಅದು ನೋಡಿಕೊಳ್ಳುತ್ತದೆ. ಒದ್ದೆ ಟಾರಿನಲ್ಲಿ ಇದು ದೊಡ್ಡ ವರ. ಆದರೆ ಇಲ್ಲದ ಘರ್ಷಣೆಯನ್ನು ಯಾವ ಯಂತ್ರವೂ ಹುಟ್ಟಿಸಲಾರದು. ಸಡಿಲ ಜಲ್ಲಿಯಲ್ಲಿ ಎಬಿಎಸ್ ಇದ್ದರೂ ನಿಲ್ಲುವ ದೂರ ಹೆಚ್ಚಬಹುದು.

ಇಷ್ಟೆಲ್ಲ ಮಾಡಿದರೂ ಬೈಕು ಬೀಳುತ್ತಿದೆ ಎನ್ನಿಸಿದರೆ ಅದನ್ನು ಬೀಳಲು ಬಿಡಿ. ಕೆಳಗೆ ಕಾಲು ಕೊಟ್ಟರೆ ಮುರಿಯುವುದು ಕಾಲೇ. ಬಿದ್ದ ಬೈಕನ್ನು ಎತ್ತುವ ಮೊದಲು ಎಂಜಿನ್ನು ಆರಿಸಿ. ಬೈಕು ಬಲಕ್ಕೆ ಬಿದ್ದಿದ್ದರೆ ಎಡಗಡೆಯ ಸ್ಟ್ಯಾಂಡನ್ನು ಮೊದಲೇ ಬಿಡಿಸಿಡಿ. ಬೆನ್ನನ್ನು ಸೀಟಿಗೆ ಕೊಟ್ಟು, ಮಂಡಿ ಬಗ್ಗಿಸಿ, ಕಾಲಿನ ಬಲದಿಂದ ಹಿಂದಕ್ಕೆ ಒತ್ತುತ್ತ ಎತ್ತಿ. ಸೊಂಟ ಬಗ್ಗಿಸಿ ಎಳೆದರೆ ಬೆನ್ನಿಗೆ ಪೆಟ್ಟು.

ಕೊನೆಯದಾಗಿ ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯಂತೆ ಇಂತಹ ಬೈಕು ಓಡಿಸಲು 18 ವರ್ಷ ತುಂಬಿರಬೇಕು, ಪರವಾನಗಿ ಇರಬೇಕು, ಸವಾರ ಮತ್ತು ಹಿಂಬದಿಯವರು ಹೆಲ್ಮೆಟ್ ಧರಿಸಬೇಕು. 2019ರ ತಿದ್ದುಪಡಿಯ ನಂತರ ವಯಸ್ಸಾಗದ ಮಕ್ಕಳು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಅಪ್ಪನ ಬೈಕಿನ ಬೀಗದ ಕೈ ಮೊಳೆಯಿಂದ ಸದ್ದಿಲ್ಲದೆ ತೆಗೆಯುವ ಮುನ್ನ ಇದು ನೆನಪಾಗಲಿ.

ವಯಸ್ಸು ತುಂಬದವರು ಅಲ್ಲಿಯವರೆಗೆ ಶಾಲೆಯ ಮೈದಾನದಲ್ಲಿ ಸೈಕಲ್ಲಿನ ಮೇಲೆ ಅಭ್ಯಾಸ ಮಾಡಿ. ಒಣ ನೆಲದಲ್ಲಿ ಒಂದು ಗೆರೆಯಿಂದ ಬ್ರೇಕು ಹಿಡಿದು ನಿಲ್ಲುವ ದೂರವನ್ನು ಹೆಜ್ಜೆಯಲ್ಲಿ ಅಳೆಯಿರಿ. ಬಳಿಕ ಅದೇ ನಿಧಾನ ವೇಗದಲ್ಲಿ ಮಣ್ಣಿನ ಪುಡಿ ಇರುವಲ್ಲಿ ಅಳೆಯಿರಿ. ಎರಡು ಅಂಕಿಗಳನ್ನೂ ನೋಟ್ ಪುಸ್ತಕದಲ್ಲಿ ಬರೆದಿಡಿ. ಆ ವ್ಯತ್ಯಾಸ ಒಮ್ಮೆ ಕಾಲಿಗೆ ತಿಳಿದರೆ ನಾಳೆ ಭಾರದ ಬೈಕು ಏರಿದಾಗ, ಜಲ್ಲಿ ಕಾಣುವ ಮೊದಲೇ ನಿಮ್ಮ ಕೈ ತಾನಾಗಿ ವೇಗ ಇಳಿಸುತ್ತದೆ.