ದಿನಕ್ಕೊಂದು ಅಂಗೈಯಗಲದ ಚಿತ್ರ

(ಚಿಕ್ಕಜಾಜೂರಿನಲ್ಲಿ ಚಿತ್ರಕಲಾ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಚಿಕ್ಕಜಾಜೂರು ಎಂದರೆ ರೈಲಿನಲ್ಲಿ ಓಡಾಡುವವರಿಗೆ ಒಂದು ಜಂಕ್ಷನ್, ಅಷ್ಟೆ. ಬೆಂಗಳೂರು-ಹುಬ್ಬಳ್ಳಿ ಮಾರ್ಗದಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಯ ಕಡೆಗೆ ಹಳಿ ಕವಲೊಡೆಯುವುದು ಇಲ್ಲಿ. ಗಾಡಿ ಬದಲಿಸಲು ಇಳಿದವರು ಗಡಿಯಾರ ನೋಡುತ್ತಾರೆ, ಚಹಾ ಕುಡಿಯುತ್ತಾರೆ, 'ಇಲ್ಲಿ ನೋಡುವುದಕ್ಕೆ ಏನಿದೆ?' ಎನ್ನುತ್ತಾರೆ. ಈ ಪ್ರಶ್ನೆಗೆ ಉತ್ತರ ಹುಡುಕುವ ಒಂದು ದಾರಿಯ ಬಗ್ಗೆ ಇವತ್ತು ಮಾತನಾಡುತ್ತೇನೆ. ಅದು ದಿನಕ್ಕೊಂದು ಚಿಕ್ಕ ತೈಲಚಿತ್ರ ಬರೆಯುವ ಅಭ್ಯಾಸ.

ಯಾವುದೇ ತರಗತಿಗೆ ಹೋಗಿ 'ಪ್ರಕೃತಿ ದೃಶ್ಯ ಬರೆಯಿರಿ' ಎಂದು ಹೇಳಿ ನೋಡಿ. ಎರಡು ತ್ರಿಕೋನದ ಬೆಟ್ಟ, ನಡುವೆ ಹುಟ್ಟುವ ಸೂರ್ಯ, ಕೆಳಗೆ ಹರಿಯುವ ನೀಲಿ ನದಿ, ದಡದಲ್ಲೊಂದು ಗುಡಿಸಲು. ಹೊಸದುರ್ಗದ ಮಗುವೂ ಇದನ್ನೇ ಬರೆಯುತ್ತದೆ, ಹಿರಿಯೂರಿನದೂ ಇದನ್ನೇ. ಆದರೆ ಚಿತ್ರದುರ್ಗದ ಬೆಟ್ಟ ತ್ರಿಕೋನವಲ್ಲ. ದುಂಡು ಬಂಡೆಗಳನ್ನು ಯಾರೋ ಪೇರಿಸಿಟ್ಟಂತಿದೆ. ವೇದಾವತಿಯಲ್ಲಿ ನೀಲಿ ನೀರಿಗಿಂತ ಮರಳು ಕಾಣುವ ದಿನಗಳೇ ಹೆಚ್ಚು. ಇದು ಮಗುವಿನ ಕೈಯ ದೋಷವಲ್ಲ. ಚಿತ್ರಕ್ಕೆ ಯೋಗ್ಯವಾದದ್ದೆಲ್ಲ ಬೇರೆಲ್ಲೋ ಇದೆ ಎಂದು ಕ್ಯಾಲೆಂಡರುಗಳು ಅದಕ್ಕೆ ಕಲಿಸಿಬಿಟ್ಟಿವೆ. ತನ್ನ ಊರು ನೋಡಲು ಯೋಗ್ಯವಲ್ಲ ಎಂದು ನಂಬಿ ಬೆಳೆದವನಿಗೆ ಆ ಊರಿನ ಕೆರೆ ಒತ್ತುವರಿಯಾದರೂ ಗುಡ್ಡ ಕರಗಿದರೂ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಇದು ಚಿತ್ರಕಲೆಯ ತರಗತಿಗೆ ಮಾತ್ರ ಸೇರಿದ ವಿಷಯವಲ್ಲ.

ಚಿಕ್ಕ ಚಿತ್ರವನ್ನು ಬೇಗ ಮುಗಿಸುವ ಪದ್ಧತಿ ಹಳೆಯದು. ಫ್ರಾನ್ಸಿನ ವಾಲನ್ಸಿಯೆನ್ ಎಂಬ ಚಿತ್ರಕಾರ 1800ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತನ್ನ ಶಿಷ್ಯರಿಗೆ ಒಂದು ನಿಯಮ ಹಾಕಿಕೊಟ್ಟ. ಬಯಲಿನಲ್ಲಿ ಕುಳಿತು ಮಾಡುವ ಅಭ್ಯಾಸಚಿತ್ರಕ್ಕೆ ಹೆಚ್ಚೆಂದರೆ ಎರಡು ಗಂಟೆ, ಸೂರ್ಯೋದಯ ಸೂರ್ಯಾಸ್ತಗಳಿಗಾದರೆ ಅರ್ಧ ಗಂಟೆ. ಅಷ್ಟರೊಳಗೆ ಬೆಳಕು ಬದಲಾಗಿಬಿಡುತ್ತದೆ. ಇಂಗ್ಲೆಂಡಿನ ಜಾನ್ ಕಾನ್‌ಸ್ಟೇಬಲ್ 1821-22ರಲ್ಲಿ ಲಂಡನ್ ಬಳಿಯ ಹ್ಯಾಂಪ್‌ಸ್ಟೆಡ್‌ನಲ್ಲಿ ಬರಿಯ ಮೋಡಗಳನ್ನೇ ಎಣ್ಣೆಬಣ್ಣದಲ್ಲಿ ಬರೆದ. ಹಲವು ಚಿತ್ರಗಳ ಬೆನ್ನಿಗೆ ತಾರೀಖು, ಗಂಟೆ, ಗಾಳಿಯ ದಿಕ್ಕನ್ನೂ ಗುರುತು ಹಾಕಿದ. ಆಗ ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. 1841ರಲ್ಲಿ ಜಾನ್ ರ‍್ಯಾಂಡ್ ಎಂಬಾತ ಹಿಸುಕಿದರೆ ಬಣ್ಣ ಬರುವ ತವರದ ಟ್ಯೂಬಿಗೆ ಪೇಟೆಂಟ್ ಪಡೆದ ಮೇಲೆ ಬಣ್ಣಗಳು ಜೇಬಿನಲ್ಲಿ ಕುಳಿತು ಹೊಲಗದ್ದೆಗಳಿಗೆ ಹೊರಟವು. ನಮ್ಮ ಕಾಲದಲ್ಲಿ, 2004ರಲ್ಲಿ, ಅಮೆರಿಕದ ಡ್ವೇನ್ ಕೈಸರ್ ಅಂಚೆ ಕಾರ್ಡಿನಷ್ಟು ದೊಡ್ಡ ತೈಲಚಿತ್ರವನ್ನು ದಿನಕ್ಕೊಂದರಂತೆ ಬರೆಯಲು ತೊಡಗಿದ ಮೇಲೆ ಇದು ಅನೇಕ ದೇಶಗಳಲ್ಲಿ ನಿತ್ಯದ ವ್ರತದಂತೆ ಹಬ್ಬಿತು.

ಪ್ರಕೃತಿಯ ಮುಂದೆ ಕುಳಿತು ಬರೆಯುವ ಈ ನಿಷ್ಠೆ ನಮಗೆ ಹೊಸದಲ್ಲ. ಕೆ. ವೆಂಕಟಪ್ಪನವರು (1886-1965) ಊಟಿಯ ಮಳೆಮೋಡವನ್ನೂ ಬೆಳುದಿಂಗಳನ್ನೂ ದಿನಗಟ್ಟಲೆ ಕಾದು ಬರೆದರು, ಜೊತೆಗೆ ದಿನಚರಿಯನ್ನೂ ಬರೆದಿಟ್ಟರು. ಸ್ವಾತಂತ್ರ್ಯ ಹೋರಾಟದಲ್ಲೂ ರಾಜಕೀಯದಲ್ಲೂ ದುಡಿದ ರುಮಾಲೆ ಚೆನ್ನಬಸವಯ್ಯನವರು (1910-1988) ಆಮೇಲೆ ಬೆಂಗಳೂರಿನ ಹೂಬಿಟ್ಟ ಮರಗಳ ಮುಂದೆ ಕುಳಿತರು. ಆ ನಗರದ ಎಷ್ಟೋ ಸಾಲುಮರಗಳು ಇಂದು ಇಲ್ಲ. ಅವರ ಚಿತ್ರಗಳು ಆ ನೆರಳಿಗೆ ಸಾಕ್ಷಿಯಾಗಿ ಉಳಿದಿವೆ. ಇನ್ನು ನಮ್ಮ ಜಿಲ್ಲೆಯವರೇ ಆದ ಪಿ.ಆರ್. ತಿಪ್ಪೇಸ್ವಾಮಿ. 1922ರಲ್ಲಿ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ ಹುಟ್ಟಿದ ಇವರು ಮಲೆನಾಡಿನ ಭೂದೃಶ್ಯಗಳನ್ನು ಜಲವರ್ಣದಲ್ಲಿ ಹಿಡಿದರು. ಅದೇ ಕಣ್ಣಿನಿಂದ ಹಳ್ಳಿಹಳ್ಳಿ ಸುತ್ತಿ, ಜನ ಮೂಲೆಗೆ ಎಸೆದಿದ್ದ ಬಳಕೆಯ ವಸ್ತುಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕೆ ತಂದು ಸೇರಿಸಿದರು. ಬೆಟ್ಟವನ್ನು ನೋಡುವ ಕಣ್ಣು, ಸವೆದ ಒನಕೆಯನ್ನು ನೋಡುವ ಕಣ್ಣು ಬೇರೆಯಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕೆ?

ಇವರಲ್ಲಿ ವೆಂಕಟಪ್ಪ, ತಿಪ್ಪೇಸ್ವಾಮಿಯವರು ಪ್ರಕೃತಿಯನ್ನು ಜಲವರ್ಣದಲ್ಲಿ ಬರೆದವರು. ನಾನು ಎಣ್ಣೆಬಣ್ಣ ಎನ್ನುವುದೇಕೆ ಎಂದು ನೀವು ಕೇಳಬಹುದು. ಕಾರಣ ನಮ್ಮ ಬಿಸಿಲು. ಏಪ್ರಿಲ್ ತಿಂಗಳ ಬಯಲುಸೀಮೆಯಲ್ಲಿ ಕಾಗದದ ಮೇಲಿನ ನೀರು ಕುಂಚ ಆಚೆಗೆ ಹೋಗುವುದರೊಳಗೆ ಆರಿರುತ್ತದೆ. ಎಣ್ಣೆಬಣ್ಣ ಹಾಗಲ್ಲ. ಅದರಲ್ಲಿರುವುದು ಅಗಸೆ ಎಣ್ಣೆ. ಧಾರವಾಡ, ವಿಜಯಪುರದ ಕಡೆ ರೊಟ್ಟಿಗೆ ಚಟ್ನಿಪುಡಿ ಮಾಡುತ್ತಾರಲ್ಲ, ಅದೇ ಅಗಸೆ. ಈ ಎಣ್ಣೆ ನೀರಿನಂತೆ ಆವಿಯಾಗಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಅಂಟದ ಹಾಗಾಗಲು ಕೆಲವು ದಿನ ಬೇಕು. ಅಲ್ಲಿಯತನಕ ತಪ್ಪಿದ್ದನ್ನು ಕೆರೆದು ತೆಗೆಯಬಹುದು, ಮತ್ತೆ ಬರೆಯಬಹುದು. ಕಲಿಯುವವರಿಗೆ ಇಂಥ ಉದಾರಿ ಗುರು ಸಿಗುವುದು ಅಪರೂಪ.

ಸಾಮಗ್ರಿಗೆ ಹೆದರಬೇಕಾಗಿಲ್ಲ. ಬಡಗಿಯ ಅಂಗಡಿಯಲ್ಲಿ ಉಳಿದ ಹಾರ್ಡ್‌ಬೋರ್ಡ್ ಚೂರುಗಳನ್ನು ಆರು ಇಂಚಿಗೆ ಎಂಟು ಇಂಚಿನಂತೆ ಕತ್ತರಿಸಿಕೊಳ್ಳಿ. ಬೋರ್ಡು ಎಣ್ಣೆ ಕುಡಿಯದಂತೆ ಗೆಸ್ಸೊ ಎಂಬ ಬಿಳಿ ಲೇಪ ಎರಡು ಸಲ ಬಳಿಯಿರಿ. ಬಿಳಿ, ಹಳದಿ, ಹಳದಿ ಮಣ್ಣಿನ ಬಣ್ಣ, ಕೆಂಪು, ಕಡುನೀಲಿ, ಕಂದು, ಈ ಆರು ಟ್ಯೂಬು ಸಾಕು. ಮೊದಲ ಪದರ ತೆಳ್ಳಗಿರಲಿ, ಎಣ್ಣೆ ಹೆಚ್ಚಿರುವ ಬಣ್ಣ ಮೇಲೆ ಬರಲಿ. ತಿರುಗುಮುರುಗಾದರೆ ಮುಂದೆ ಬಿರುಕು ಬಿಡುತ್ತದೆ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ. ಒಂದು ಎಚ್ಚರಿಕೆಯನ್ನು ಮರೆಯಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಹಾಕಿದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಅದನ್ನು ಬಿಡಿಸಿ ಹೊರಗೆ ಹರವಿ ಒಣಗಿಸಬೇಕು.

ಹಲಗೆ ಚಿಕ್ಕದೇ ಏಕೆ? ಅದು ಒಂದು ಗಂಟೆಯೊಳಗೆ ತುಂಬುತ್ತದೆ. ಕೆಟ್ಟರೆ ನಷ್ಟವಾಗುವುದು ಒಂದು ಗಂಟೆ ಮಾತ್ರ. ಮಿಗಿಲಾಗಿ, ಅದರಲ್ಲಿ ಎಲ್ಲವನ್ನೂ ತುರುಕಲಾಗುವುದಿಲ್ಲ. ಯಾವುದನ್ನು ಬಿಡಬೇಕೆಂದು ಯೋಚಿಸಲೇಬೇಕು. ದಿನವೂ ಏಕೆ? ಸ್ಫೂರ್ತಿಗಾಗಿ ಕಾಯುತ್ತ ಕುಳಿತವನಿಗೆ ವರ್ಷಕ್ಕೆ ನಾಲ್ಕು ಚಿತ್ರ. ದಿನವೂ ಕುಳಿತವನು ಸೊಗಸಾದದ್ದು ಸಿಗದ ದಿನ ಕೈಗೆ ಸಿಕ್ಕಿದ್ದನ್ನೇ ಬರೆಯಬೇಕಾಗುತ್ತದೆ. ನೋಡುವುದು ನಿಜವಾಗಿ ಶುರುವಾಗುವುದು ಆ ದಿನವೇ.

ಹಾಗಾದರೆ ಇಲ್ಲಿ ಬರೆಯುವುದೇನನ್ನು? ಸ್ಟೇಷನ್ನಿನ ಬೆಂಚಿನ ಕೆಳಗಿನ ನೆರಳನ್ನು ಬರೆಯಿರಿ. ಅದು ಕಪ್ಪಲ್ಲ, ಕಣ್ಣು ಕಿರಿದು ಮಾಡಿ ನೋಡಿದರೆ ಅದರಲ್ಲಿ ನೀಲಿ ಇದೆ, ನೆಲದಿಂದ ಚಿಮ್ಮಿದ ಕೆಂಪೂ ಇದೆ. ಒಂದೇ ಹೊಲದ ಮಣ್ಣನ್ನು ಮಳೆಗೆ ಮುಂಚೆ ಒಂದು ದಿನ, ಮಳೆಯಾದ ಮರುದಿನ ಇನ್ನೊಮ್ಮೆ ಬರೆಯಿರಿ. ಈರುಳ್ಳಿಯ ಒಂದು ಪದರದಲ್ಲಿ ಎಷ್ಟು ಗುಲಾಬಿಗಳಿವೆ ಎಂದು ಎಣಿಸಿ. ಅಮ್ಮನ ರಾಗಿಮುದ್ದೆಯ ಮೇಲೆ ಬಿದ್ದ ಹೊಳಪು, ಸಂತೆಯ ದಿನ ಮಡಚಿಟ್ಟ ಗೋಣಿಚೀಲ, ಗುಡ್ಡದ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರ, ಎಲ್ಲವೂ ಚಿತ್ರವೇ.

ಇವು ಸೇರಿದಾಗ ಏನಾಗುತ್ತದೆಂಬುದಕ್ಕೆ ನಮ್ಮ ಜಿಲ್ಲೆಯದೇ ಒಂದು ಸಂಗತಿ ಹೇಳುತ್ತೇನೆ. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ನಡುವಿನ ವರ್ಷಗಳ ನೀರಿನ ಮಟ್ಟ ಸರ್ಕಾರಿ ಕಡತದಲ್ಲಿ ಅಂಕಿಗಳಾಗಿ ಸಿಗುತ್ತದೆ. ಆದರೆ ಬತ್ತಿದ ಅಂಚಿನ ಮಣ್ಣು ಯಾವ ಬಣ್ಣಕ್ಕೆ ತಿರುಗಿತ್ತು, ಸಂಜೆಯ ಬೆಳಕು ಅಲ್ಲಿ ಎಲ್ಲಿಯತನಕ ಇಳಿಯುತ್ತಿತ್ತು ಎಂಬುದು ಅಂಕಿಗಳಲ್ಲಿ ಇಲ್ಲ. ದಡದ ಒಬ್ಬ ಹುಡುಗಿ ಬೇಸಿಗೆಗೊಂದು ಅಂಗೈಯಗಲದ ಹಲಗೆ ತುಂಬಿಸಿಟ್ಟಿದ್ದರೆ ಅದು ಜಿಲ್ಲೆಯ ಆಸ್ತಿಯಾಗುತ್ತಿತ್ತು. ಅವಳು ದೊಡ್ಡ ಕಲಾವಿದೆಯಾಗಿರಬೇಕಾಗಿಯೂ ಇರಲಿಲ್ಲ.

ಶಿಕ್ಷಕರಲ್ಲಿ ಒಂದು ಕೋರಿಕೆ. ಮುಂದಿನ ಸಲ 'ಪ್ರಕೃತಿ ದೃಶ್ಯ' ಎನ್ನುವ ಬದಲು 'ಶಾಲೆಯ ಬಾವಿಕಟ್ಟೆ, ಬೆಳಗಿನ ಹತ್ತು ಗಂಟೆ' ಎಂದು ಹೇಳಿ ನೋಡಿ. ಶಾಲೆಯಲ್ಲಿ ಎಣ್ಣೆಬಣ್ಣ ಇಲ್ಲದಿದ್ದರೆ ಬಣ್ಣದ ಸೀಮೆಸುಣ್ಣವಾದರೂ ಆದೀತು. ಹಲಗೆಯ ಮುಂಭಾಗದಲ್ಲಿ ಏನೇ ಮೂಡಲಿ, ಬೆನ್ನಿಗೆ ಮಾತ್ರ ಊರು, ತಾರೀಖು, ಗಂಟೆ ಬರೆಸಿ. ಮೂವತ್ತು ವರ್ಷದ ಮೇಲೆ ಅದನ್ನು ತಿರುಗಿಸಿ ನೋಡುವವರಿಗೆ ಬಾವಿಕಟ್ಟೆ ಅಲ್ಲಿತ್ತೆಂಬುದಾದರೂ ತಿಳಿಯಲಿ.