ಜಯಲಲಿತಾ ನಮ್ಮವರಾ, ಅವರವರಾ?

ಚೆನ್ನೈ, ಪುಣೆ, ಹೈದರಾಬಾದ್, ನೀವು ಎಲ್ಲಿಂದ ನೋಡ್ತಿದ್ದರೂ ಇವತ್ತಿನ ವಿಷಯ ನಿಮಗೂ ಸೇರಿದ್ದು. ಜಯಲಲಿತಾ ಹೆಸರು ಬಂದಾಗಲೆಲ್ಲ ನಮ್ಮವರು ಎರಡು ಮಾತು ಹೇಳ್ತಾರೆ. ಒಂದು, "ನಮ್ಮ ಮೇಲುಕೋಟೆ ಹುಡುಗಿ ಕಣ್ರೀ." ಇನ್ನೊಂದು, "ಇಲ್ಲೇ ಹುಟ್ಟಿ ಕಾವೇರಿ ವಿಷಯದಲ್ಲಿ ನಮಗೇ ಹಿಂಗೆ ಮಾಡಿದ್ರಲ್ಲ." ಈ ಹೆಮ್ಮೆ, ಈ ಸಿಟ್ಟು ಎರಡರಲ್ಲೂ ಲೆಕ್ಕ ತಪ್ಪಿದೆ ಅನ್ನೋದು ನನ್ನ ಅಭಿಪ್ರಾಯ.

ಅವರು ಹುಟ್ಟಿದ್ದು 1948ರ ಫೆಬ್ರುವರಿ 24ರಂದು, ಮೇಲುಕೋಟೆಯಲ್ಲಿ. ಮನೆಮಾತು ತಮಿಳು, ಅಯ್ಯಂಗಾರ್ ಕುಟುಂಬ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದರು, ಆಮೇಲೆ ಮದರಾಸಿಗೆ ಹೋದರು. ನಾಯಕಿಯಾಗಿ ಮೊದಲು ಬಂದದ್ದು ನಮ್ಮ ಪರದೆಯ ಮೇಲೆ, 1964ರಲ್ಲಿ, ಬಿ.ಆರ್. ಪಂತುಲು ಅವರ 'ಚಿನ್ನದ ಗೊಂಬೆ'ಯಲ್ಲಿ. ಮರುವರ್ಷ ಅದೇ ಪಂತುಲು ತಮಿಳಿನ 'ಆಯಿರತ್ತಿಲ್ ಒರುವನ್'ನಲ್ಲಿ ಎಂ.ಜಿ.ಆರ್. ಎದುರು ನಿಲ್ಲಿಸಿದರು. ಅಲ್ಲಿಂದ ದಾರಿ ಬದಲಾಯಿತು.

1982ರಲ್ಲಿ ಎಂ.ಜಿ.ಆರ್. ಪಕ್ಷ ಸೇರಿದರು, 1984ರಲ್ಲಿ ರಾಜ್ಯಸಭೆಗೆ ಹೋದರು. 1987ರ ಡಿಸೆಂಬರಿನಲ್ಲಿ ಎಂ.ಜಿ.ಆರ್. ತೀರಿಕೊಂಡಾಗ ಶವದ ಗಾಡಿಯಿಂದಲೇ ಅವರನ್ನು ಕೆಳಗೆ ತಳ್ಳಿದರು. 1989ರ ಮಾರ್ಚ್‌ನಲ್ಲಿ ವಿಧಾನಸಭೆಯೊಳಗೇ ನನ್ನ ಸೀರೆ ಎಳೆದರು ಅಂತ ದೂರಿ ಹೊರಬಂದರು. 1991ರಲ್ಲಿ ಮುಖ್ಯಮಂತ್ರಿಯಾಗಿ ಅದೇ ಸಭೆಗೆ ಹೋದರು. ತಮಿಳುನಾಡಿನ ಜನ ಅವರನ್ನು ಆರಿಸಿದರು. ಮೇಲುಕೋಟೆಯಲ್ಲಿ ಅವರ ಹೆಸರಿಗೆ ಒಂದು ವೋಟೂ ಇರಲಿಲ್ಲ. ಇದನ್ನ ನೆನಪಿಟ್ಕೊಳ್ಳಿ.

ಈಗ ಕಾವೇರಿಗೆ ಬನ್ನಿ. 1993ರ ಜುಲೈಯಲ್ಲಿ ನೀರಿಗಾಗಿ ಮರೀನಾದಲ್ಲಿ ಉಪವಾಸ ಕೂತರು. ನ್ಯಾಯಮಂಡಳಿಯ 2007ರ ತೀರ್ಪನ್ನು ಗೆಜೆಟ್‌ನಲ್ಲಿ ಹಾಕಿಸಲು ಕೋರ್ಟಿನಲ್ಲಿ ಬಡಿದಾಡಿದರು, 2013ರಲ್ಲಿ ಅದು ಆಯಿತು. ನಮಗೆ ಸಿಟ್ಟು ಬಂತು, ಸರಿ. ಆದರೆ ತಂಜಾವೂರಿನ ರೈತ ವೋಟು ಹಾಕಿದ್ದು ಈ ಕೆಲಸಕ್ಕೇ. ನಾವು ಅವರ ವಾದವನ್ನು ವಾದದಿಂದ ಎದುರಿಸಬಹುದು. "ಇಲ್ಲಿ ಹುಟ್ಟಿದವಳು" ಅನ್ನೋದು ವಾದವೇ ಅಲ್ಲ.

ಇದೇ ತಪ್ಪನ್ನು ಆ ಕಡೆಯವರೂ ಮಾಡಿದರು. ಆದಾಯ ಮೀರಿದ ಆಸ್ತಿಯ ಮೊಕದ್ದಮೆಯನ್ನು 2003ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿಗೆ ಕಳಿಸಿತು. ಕೇಳಿಕೊಂಡವರು ಡಿ.ಎಂ.ಕೆ.ಯ ಅನ್ಬಳಗನ್, ಕರ್ನಾಟಕ ಅಲ್ಲ. 2014ರ ಸೆಪ್ಟೆಂಬರ್ 27ರಂದು ನಾಲ್ಕು ವರ್ಷ ಶಿಕ್ಷೆ, 100 ಕೋಟಿ ದಂಡ ಆಗಿ ಪರಪ್ಪನ ಅಗ್ರಹಾರಕ್ಕೆ ಹೋದಾಗ, "ಕಾವೇರಿ ಸೇಡು" ಅಂತ ಕೂಗಿದವರಿದ್ದರು. 2015ರ ಮೇ 11ರಂದು ಅವರನ್ನು ಖುಲಾಸೆ ಮಾಡಿದ್ದೂ ಕರ್ನಾಟಕ ಹೈಕೋರ್ಟೇ! ಆಗ ಸೇಡು ಎಲ್ಲಿ ಹೋಯಿತು? ಕೊನೆಗೆ 2017ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಮೊದಲಿನ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ, 2016ರ ಡಿಸೆಂಬರ್ 5ರಂದು, ಅವರು ತೀರಿಕೊಂಡಿದ್ದರು.

ಇದೆಲ್ಲ ನಮಗ್ಯಾಕೆ ಅಂತೀರಾ? 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಬಸ್ಸುಗಳು ಉರಿಯುತ್ತಿದ್ದಾಗ ನಾನು ಚೆನ್ನೈನ ಆಫೀಸಿನಲ್ಲಿದ್ದೆ. ಊಟಕ್ಕೆ ಕೂತಾಗ ಟೀಮಿನ ಹುಡುಗನೊಬ್ಬ, "ನಿಮ್ಮೂರಲ್ಲಿ ಹಿಂಗೆ ಮಾಡ್ತಿದ್ದೀರಲ್ಲ" ಅಂದ. ರಾತ್ರಿ ಮಂಡ್ಯದಿಂದ ದೊಡ್ಡಪ್ಪ ಫೋನ್ ಮಾಡಿ, "ನೀನೀಗ ಅವರ ಕಡೆಯವನಾದೆ ಬಿಡಪ್ಪ" ಅಂದರು. ಒಂದೇ ದಿನ, ಎರಡೂ ಕಡೆಯಿಂದ. ಊರು ಬಿಟ್ಟವರಿಗೆ ಈ ಪ್ರಶ್ನೆ ಬಂದೇ ಬರುತ್ತೆ. ಹುಟ್ಟಿದ ಊರಿನ ಲೆಕ್ಕದಲ್ಲಿ ಜಯಲಲಿತಾ ಅವರನ್ನು ಅಳೆದರೆ, ನಾಳೆ ನಮ್ಮನ್ನೂ ಅದೇ ಲೆಕ್ಕದಲ್ಲಿ ಅಳೀತಾರೆ.

ಹಾಗಾದ್ರೆ ಹೇಗೆ ಅಳೀಬೇಕು? ಮಾಡಿದ ಕೆಲಸದಿಂದ. ಚೆನ್ನೈಯಲ್ಲಿ ಬಾಡಿಗೆಗಿರುವವರು ತಾರಸಿಯಿಂದ ಇಳಿದು ನೆಲಕ್ಕೆ ಹೋಗುವ ಪೈಪು ನೋಡಿರ್ತೀರಿ. ಮಳೆನೀರು ಕೊಯ್ಲನ್ನು ಅವರ ಸರ್ಕಾರ ಕಡ್ಡಾಯ ಮಾಡಿತು. ಹೆಣ್ಣು ಶಿಶುಹತ್ಯೆ ತಡೆಯಲು 1992ರಲ್ಲಿ ತೊಟ್ಟಿಲು ಯೋಜನೆ ತಂದರು. 2013ರಲ್ಲಿ ಅಮ್ಮ ಕ್ಯಾಂಟೀನ್ ತೆರೆದರು. ಇಡ್ಲಿಗೆ 1 ರೂಪಾಯಿ, ಸಾಂಬಾರ್ ಅನ್ನಕ್ಕೆ 5. ಇದೇ ಮಾದರಿ ನೋಡಿ 2017ರಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ಬಂತು. ಆ ಇಡ್ಲಿ ಯಾವ ಊರಿನದು ಅಂತ ಯಾರೂ ಕೇಳಲಿಲ್ಲ.

ಇನ್ನೊಂದು ಪುಟವನ್ನೂ ಓದಬೇಕು. ಮೊದಲ ಅವಧಿಯಲ್ಲಿ ತಿಂಗಳಿಗೆ 1 ರೂಪಾಯಿ ಸಂಬಳ ಸಾಕು ಅಂದವರು. ಅದೇ ಅವಧಿಯ ಆಸ್ತಿಗೆ ಮೊಕದ್ದಮೆಯಲ್ಲಿ ಬಿದ್ದ ಲೆಕ್ಕ 66 ಕೋಟಿಗೂ ಹೆಚ್ಚು. ಒಂದು ರೂಪಾಯಿ ಇಡ್ಲಿಯನ್ನು ಹೊಗಳೋ ಬಾಯಿ, ಈ ಒಂದು ರೂಪಾಯಿ ಸಂಬಳದ ಬಗ್ಗೆಯೂ ಮಾತಾಡಬೇಕು.

ರಾಮಾನುಜಾಚಾರ್ಯರು ತಮಿಳು ನೆಲದಿಂದ ಬಂದು ಮೇಲುಕೋಟೆಯಲ್ಲಿ ನೆಲೆಸಿದವರು. ಅವರನ್ನು ಹೊರಗಿನವರು ಅಂತ ನಾವು ಯಾವತ್ತೂ ಅಂದಿಲ್ಲ. ಅದೇ ಊರಲ್ಲಿ ಹುಟ್ಟಿದ ಹುಡುಗಿ 2011ರಲ್ಲಿ ಶ್ರೀರಂಗದಿಂದ ಗೆದ್ದರು. ಶ್ರೀರಂಗದವರೂ ಅನ್ನಲಿಲ್ಲ.

ನಿಮ್ಮ ಆಫೀಸಿನಲ್ಲಿ ಈ ಪ್ರಶ್ನೆ ಬಂದಾಗ ನೀವೇನು ಉತ್ತರ ಕೊಟ್ಟಿರಿ? ಕೆಳಗೆ ಬರೆಯಿರಿ.