ಟೆಸ್ಟರ್ ಹಿಡಿಯದೆ ಮುಟ್ಟಬಾರದು

ಮೈಕಿಗೆ ವೈರ್ ಎಳೆದು ನನಗೆ ಅಭ್ಯಾಸ, ಅದರ ಮುಂದೆ ನಿಂತು ಇಲ್ಲ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

'ನನಗೆ ಸ್ಫೂರ್ತಿಯಾದ ವ್ಯಕ್ತಿ' ಅಂತ ವಿಷಯ ಕೊಟ್ಟಿದ್ದೀರಿ. ನನ್ನ ಮಟ್ಟಿಗೆ ಅದು ಕಿಜ್‌ಮೀಕಿಯಾ ಕಾರ್ಬೆಟ್ ಅನ್ನೋ ವಿಜ್ಞಾನಿ. ಭೇಟಿಯಾಗಿದ್ದು ಜಲೀಬಿನ ನಮ್ಮ ರೂಮಿನಲ್ಲಿ, ಒಡೆದ ಮೊಬೈಲಿನ ಪರದೆ ಮೇಲೆ.

2020ರ ಏಪ್ರಿಲ್‌ನಿಂದ ಮೂರು ತಿಂಗಳು ಜಲೀಬ್, ಮಹಬೂಲಾ ಬಂದ್ ಆಗಿದ್ದು ನಿಮಗೆ ಹೇಳಬೇಕಿಲ್ಲ. ಮುಂದಿನ ವರ್ಷ ಲಸಿಕೆಗೆ ರೂಮಿನ ಐದು ಜನ ಹೆಸರು ಕೊಟ್ಟೆವು. ಕೊಪ್ಪಳದ ಕಡೆಯ ಗಾರೆ ಕೆಲಸದ ಹುಡುಗ ಒಬ್ಬ ಮಾತ್ರ ಒಲ್ಲೆ ಅಂದ. ಊರಲ್ಲಿ ಅವನಿಗೆ ಮದುವೆ ಗೊತ್ತಾಗಿತ್ತು. ಸೂಜಿ ಹಾಕಿಸಿದ್ರೆ ಮಕ್ಕಳಾಗಲ್ಲ ಅಂತ ಯಾರೋ ವಾಟ್ಸಾಪ್ ಕಳಿಸಿದ್ದರು. ನಾನು ಎಲ್ಲರೆದುರು ನಕ್ಕು 'ದಡ್ಡ' ಅಂದೆ. ನಾಲ್ಕು ದಿನ ಅವನು ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಆ ವಾರವೇ ಆಕೆಯ ವಿಡಿಯೋ ನೋಡಿದ್ದು. 1986ರಲ್ಲಿ ಹುಟ್ಟಿದವರು, ನನಗಿಂತ ಸ್ವಲ್ಪವೇ ದೊಡ್ಡವರು. ನಾನು ಕ್ರೈಸ್ತಳು, ಕಪ್ಪು ಹೆಣ್ಣು ಅಂತ ತಾವೇ ಹೇಳಿಕೊಂಡವರು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಲ್ಲಿ ಕೊರೊನಾ ಜಾತಿಯ ವೈರಸ್‌ಗಳ ಮೇಲೆ ಕೆಲಸ ಮಾಡುತ್ತಿದ್ದರು. ನಮ್ಮ ಪಕ್ಕದ ಸೌದಿಯಲ್ಲಿ 2012ರಲ್ಲಿ ಕಾಣಿಸಿಕೊಂಡ, ಒಂಟೆಯಿಂದ ಬರೋ ಮೆರ್ಸ್ ಕೂಡ ಅದೇ ಜಾತಿ. ಆ ವೈರಸ್ಸಿನ ಮೈಮೇಲಿನ ಮುಳ್ಳು ಸ್ಪ್ರಿಂಗ್ ಥರ, ಆಕಾರ ಬದಲಿಸುತ್ತೆ. ಎರಡು ಕಡೆ ಕೊಂಡಿ ಬದಲಾಯಿಸಿ ಲಾಕ್ ಮಾಡಿದ್ರೆ ದೇಹಕ್ಕೆ ಅದರ ಗುರುತು ಸರಿಯಾಗಿ ಸಿಗುತ್ತೆ. ಆಕೆಯೂ ಇದ್ದ ತಂಡ ಮೆರ್ಸ್‌ಗೆ ಅಂತ ಕಂಡುಕೊಂಡ ಈ ಉಪಾಯವೇ ಮಿಶ್ರಿಫ್‌ನಲ್ಲಿ ನಮ್ಮ ತೋಳಿಗೆ ಹಾಕಿದ ಫೈಜರ್‌ನಲ್ಲೂ ಇತ್ತು.

ಅಲ್ಲಿನ ಕಪ್ಪು ಜನ ಲಸಿಕೆಗೆ ಹೆದರೋದಕ್ಕೆ ಕಾರಣ ಇದೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಸುಮಾರು 400 ಕಪ್ಪು ಗಂಡಸರಿಗೆ ಸರ್ಕಾರದವರು ಔಷಧಿ ಕೊಡದೆ ಸುಮ್ಮನೆ ನೋಡುತ್ತಾ ಕೂತಿದ್ದರು. ಪೆನ್ಸಿಲಿನ್ ಬಂದ ಮೇಲೂ! ಕಾರ್ಬೆಟ್ ಆ ಜನರನ್ನು ನೋಡಿ ನಗಲಿಲ್ಲ. ಚರ್ಚಿನ ಜನರ ಜೊತೆ ಮಾತಾಡಿದರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ನಂಬಿಕೆ ಗಳಿಸೋ ಕೆಲಸ ವಿಜ್ಞಾನಿಗಳದ್ದು ಅನ್ನೋದು ಅವರ ನಿಲುವು.

ನನಗೆ ನಾಚಿಕೆಯಾಯ್ತು. ಲೈನ್ ಆಫ್ ಇದೆ ಅಂತ ಫೋರ್‌ಮನ್ ಎಷ್ಟೇ ಹೇಳಲಿ, ಟೆಸ್ಟರ್ ಹಿಡಿಯದೆ ನಾನು ವೈರ್ ಮುಟ್ಟಲ್ಲ. ಐಟಿಐನಲ್ಲಿ ಕಲಿಸಿದ್ದೇ ಅದು. ಹುಡುಗ ಕೇಳಿದ್ದೂ ಅಷ್ಟೇ ತಾನೆ?

ಅವನ ಮಂಚದ ಹತ್ರ ಹೋಗಿ ತಪ್ಪಾಯ್ತು ಅಂದೆ. ಪರಿಚಯದ ಮಂಗಳೂರಿನ ನರ್ಸ್ ಅಕ್ಕನಿಗೆ ಫೋನ್ ಹಚ್ಚಿ ಕೊಟ್ಟೆ. ಹನ್ನೊಂದು ಪ್ರಶ್ನೆ ಕೇಳಿದ, ನಾನು ಎಣಿಸಿದ್ದೇನೆ. ಫೋನ್ ಇಟ್ಟು, 'ಇಷ್ಟ ಮೊದ್ಲ ಹೇಳಿದ್ರ ಆಗ್ತಿತ್ತಲ್ರಿ ಅಣ್ಣಾ' ಅಂದ. ಮೆಸೇಜ್ ಬಂದ ದಿನ ಇಬ್ಬರೂ ಒಟ್ಟಿಗೆ ಮಿಶ್ರಿಫ್‌ಗೆ ಹೋದೆವು.

ಅವನೀಗ ಊರಲ್ಲೇ ಇದ್ದಾನೆ. ಮಗಳಿಗೆ ಎರಡು ವರ್ಷ. ವಿಡಿಯೋ ಕಾಲಿನಲ್ಲಿ ನನ್ನ ಮುಖ ಕಂಡ್ರೆ ಸಾಕು, ಜೋರಾಗಿ ಅಳ್ತಾಳೆ.